ಮೂಲಗೇಣಿಯೋ, ಚಾಲಗೇಣಿಯೋ?

ಹಣ ಕೊಟ್ಟು ಕೊಂಡ ವಸ್ತು ಕೊಂಡವನದೇ ಎಂಬುದು ನಾವು ಪ್ರಶ್ನಿಸದೆ ಒಪ್ಪಿಕೊಂಡು ಬಂದಿರುವ ಮಾತು. ಕತ್ತಿಯೊಂದನ್ನು ಕೊಂಡರೆ ನಮ್ಮ ಕೈಗೆ ಹೊಂದುವ ಹಿಡಿಯನ್ನು ಹಾಕಿಸುತ್ತೇವೆ. ಹಳೆಯ ಮನೆಯನ್ನು ಕೊಂಡರೆ ಗೋಡೆ ಒಡೆದು ಕಿಟಕಿ ಇಡುತ್ತೇವೆ. ಕತ್ತಿ ಮಾಡಿದ ಆಚಾರಿಯಾಗಲಿ ಮನೆ ಮಾರಿದವರಾಗಲಿ ಮರಳಿ ಬಂದು, ನಮ್ಮನ್ನು ಕೇಳದೆ ಹೀಗೇಕೆ ಮಾಡಿದಿರಿ ಎನ್ನುವುದಿಲ್ಲ. ಎಂದರೆ ಊರೇ ನಕ್ಕೀತು. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ನಮ್ಮ ಮನೆಗಳನ್ನು ಹೊಕ್ಕಿರುವ ಒಂದು ವಸ್ತುವಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳಲಾಗುತ್ತಿದೆ, ಯಾರೂ ನಗುತ್ತಿಲ್ಲ. ಆ ವಸ್ತು ಟ್ಯಾಬ್ಲೆಟ್ಟು.

ಇಂದು ಅನೇಕ ಮನೆಗಳ ಕಪಾಟಿನಲ್ಲಿ ಹಳೆಯ ಟ್ಯಾಬ್ಲೆಟ್ಟೊಂದು ಮೂಲೆ ಸೇರಿದೆ. ಕೇರಳದಲ್ಲಿ 2020ರ ಜೂನ್ 1ರಂದು ‘ಫಸ್ಟ್ ಬೆಲ್’ ಪಾಠಗಳು ಆರಂಭವಾದಾಗ ಮಕ್ಕಳಿಗೆಂದು ತಂದದ್ದಿರಬಹುದು, ಅದಕ್ಕೂ ಮೊದಲು ಪರವೂರಿನ ನೆಂಟರು ಕೊಟ್ಟದ್ದಿರಬಹುದು. ಅದರ ಗಾಜು ಒಡೆದಿಲ್ಲ. ಚಾರ್ಜಿಗಿಟ್ಟರೆ ಬೆಳಕು ಮೂಡುತ್ತದೆ. ಆದರೆ ಬೇಕಾದ ಆ್ಯಪನ್ನು ತೆರೆದರೆ, ಈ ಆವೃತ್ತಿಗೆ ನಮ್ಮ ಬೆಂಬಲವಿಲ್ಲ ಎಂಬ ಉತ್ತರ ಬರುತ್ತದೆ. ವಸ್ತು ಸವೆದಿಲ್ಲ, ಕೆಟ್ಟಿಲ್ಲ. ಅದನ್ನು ಮಾಡಿದವರು ಮುಂದೆ ನಡೆದಿದ್ದಾರೆ, ಅದು ಹಿಂದೆ ಉಳಿದಿದೆ. ಹೀಗೆ ಉಳಿದದ್ದನ್ನು ಮತ್ತೆ ನಡೆಸುವ ಒಂದು ದಾರಿಯಿದೆ. ಅದರ ಕೀಲಿಯನ್ನು ಬಿಚ್ಚಿ, ಒಳಗಿನ ಪರಮಾಧಿಕಾರವನ್ನು ಪಡೆದು, ಬೇರೆಯವರು ಸಿದ್ಧಪಡಿಸಿದ ತಂತ್ರಾಂಶವನ್ನು ಹಾಕುವುದೇ ಆ ದಾರಿ. ಇದು ತಂತ್ರಜ್ಞರ ಕಸುಬು ನಿಜ. ಆದರೆ ಇದರೊಳಗಿರುವ ಪ್ರಶ್ನೆ ತಂತ್ರದ್ದಲ್ಲ, ಧರ್ಮದ್ದು. ಇನ್ನೊಬ್ಬರು ಹಾಕಿದ ಕೀಲಿಯನ್ನು ಬಿಚ್ಚುವ ಅಧಿಕಾರ ನಮಗೆ ಎಲ್ಲಿಂದ ಬರುತ್ತದೆ? ಬಂದರೆ, ಅದರ ಜೊತೆಗೆ ಇನ್ನೇನು ಬರುತ್ತದೆ?

‘ರೂಟ್’ ಎಂದರೆ ಬೇರು, ಮೂಲ. ಗಣಕಲೋಕಕ್ಕೆ ಈ ಶಬ್ದ ಯೂನಿಕ್ಸ್ ವ್ಯವಸ್ಥೆಯಿಂದ ಬಂದಿದೆ. ಅಲ್ಲಿ ಕಡತಗಳೆಲ್ಲ ಒಂದು ಮರದಂತೆ ಜೋಡಣೆಗೊಂಡಿವೆ. ಆದರೆ ಬೇರು ಮೇಲಿದೆ, ಕೊಂಬೆಗಳು ಕೆಳಕ್ಕೆ ಇಳಿದಿವೆ. ಗೀತೆಯ ಹದಿನೈದನೆಯ ಅಧ್ಯಾಯದ ಅಶ್ವತ್ಥವನ್ನು ಬಲ್ಲವರಿಗೆ ಈ ಚಿತ್ರ ಹೊಸತಲ್ಲ. ಆ ಬೇರಿನ ಮೇಲೆ ಅಧಿಕಾರವುಳ್ಳ ಬಳಕೆದಾರನಿಗೂ ರೂಟ್ ಎಂದೇ ಹೆಸರು. ಅವನು ಓದಲಾರದ ಕಡತವಿಲ್ಲ, ಅಳಿಸಲಾರದ ಕಡತವೂ ಇಲ್ಲ. ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳ ಒಳಗಿರುವುದು ಅದೇ ಸಂಪ್ರದಾಯದ ಲಿನಕ್ಸ್ ತಿರುಳು. ಆದ್ದರಿಂದ ಅವುಗಳಲ್ಲಿಯೂ ರೂಟ್ ಇದ್ದಾನೆ. ಆದರೆ ಟ್ಯಾಬ್ಲೆಟ್ಟು ಕಾರ್ಖಾನೆಯಿಂದ ಹೊರಬೀಳುವಾಗ ಕೊಂಡವನಿಗೆ ಆ ಅಧಿಕಾರವನ್ನು ಕೊಟ್ಟಿರುವುದಿಲ್ಲ. ಅವನು ಅಂಗಳದಲ್ಲಿ ಓಡಾಡಬಹುದು, ಚಾವಡಿಯಲ್ಲಿ ಕುಳಿತುಕೊಳ್ಳಬಹುದು. ಒಳಕೋಣೆಯ ಕೀಲಿಕೈ ಮಾತ್ರ ಮಾರಿದವರ ಸೊಂಟದಲ್ಲಿಯೇ ಇರುತ್ತದೆ. ಆ ಕೀಲಿಕೈಯನ್ನು ಪಡೆಯುವುದೇ ರೂಟ್ ಮಾಡುವುದು. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಯಾಚರಣ ವ್ಯವಸ್ಥೆಯನ್ನೇ ಬದಲಿಸಿದರೆ ಅದನ್ನು ಕಸ್ಟಮ್ ರಾಮ್ ಹಾಕುವುದು ಎನ್ನುತ್ತಾರೆ.

ಒಡೆತನದಲ್ಲಿ ಹಲವು ಮೆಟ್ಟಿಲುಗಳಿವೆ ಎಂಬುದನ್ನು ಕಾಸರಗೋಡಿನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಈ ನೆಲ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದಿಂದಲೂ ನಮ್ಮ ಹಿರಿಯರು ಗೇಣಿಯ ಮೂರು ಬಗೆಗಳನ್ನು ಬಲ್ಲವರಾಗಿದ್ದರು. ಮೂಲಗೇಣಿಯ ಒಕ್ಕಲು ನಿಗದಿಯಾದ ಗೇಣಿಯನ್ನು ಸಲ್ಲಿಸುತ್ತಿರುವವರೆಗೆ ತಲೆತಲಾಂತರಕ್ಕೂ ಆ ಭೂಮಿಯಲ್ಲಿ ಇರಬಹುದಿತ್ತು. ವಾಯಿದೆಗೇಣಿಯವನಿಗೆ ಇಂತಿಷ್ಟು ವರ್ಷ ಎಂಬ ಗಡುವಿತ್ತು. ಚಾಲಗೇಣಿಯವನು ಮಾತ್ರ ವರ್ಷದಿಂದ ವರ್ಷಕ್ಕೆ ಧಣಿಯ ಮರ್ಜಿಯಲ್ಲಿ ಬದುಕುವವನು. ಮೂವರೂ ಅದೇ ಮಣ್ಣನ್ನು ಉಳುತ್ತಿದ್ದರು, ಅದೇ ಮಳೆಗೆ ಕಾಯುತ್ತಿದ್ದರು. ಆದರೆ ಕಂಗಿನ ಸಸಿ ನೆಡುವ ಧೈರ್ಯ ಮೂವರಿಗೂ ಒಂದೇ ಆಗಿರಲಿಲ್ಲ. ಫಲಕ್ಕೆ ಬರಲು ಐದಾರು ವರ್ಷ ಬೇಕಾಗುವ ಗಿಡವನ್ನು, ಬರುವ ವರ್ಷ ತಾನು ಇಲ್ಲಿರುವೆನೋ ಇಲ್ಲವೋ ಎಂದು ತಿಳಿಯದವನು ಯಾವ ನಂಬಿಕೆಯಿಂದ ನೆಟ್ಟಾನು? ಅವನು ಸೋಮಾರಿಯಲ್ಲ, ಅವನ ಹಕ್ಕಿನ ಆಳವೇ ಅಷ್ಟು.

ಟ್ಯಾಬ್ಲೆಟ್ಟು ಕೊಂಡ ನಾವು ಈ ಮೂವರಲ್ಲಿ ಯಾರು? ರಶೀದಿ ನೋಡಿದರೆ ಧಣಿಗಳು. ಒಳಗಿನ ವ್ಯವಸ್ಥೆಯನ್ನು ನೋಡಿದರೆ ಚಾಲಗೇಣಿಯವರು. ಯಾವ ವರ್ಷದವರೆಗೆ ಭದ್ರತೆಯ ತೇಪೆ ಬರುತ್ತದೆ, ಯಾವಾಗ ನಿಲ್ಲುತ್ತದೆ, ಯಾವ ಆ್ಯಪನ್ನು ತೆಗೆಯಬಹುದು, ಯಾವುದು ಬೇಡವೆಂದರೂ ಉಳಿಯುತ್ತದೆ ಎಂಬುದನ್ನೆಲ್ಲ ಬೇರೆಯವರು ನಿರ್ಧರಿಸುತ್ತಾರೆ. ಮೂಲದ ಮೇಲಿನ ಹಕ್ಕಿಗೆ ನಮ್ಮ ಹಿರಿಯರು ಮೂಲಗೇಣಿ ಎಂಬ ಹೆಸರಿಟ್ಟಿದ್ದರು. ರೂಟ್ ಎಂಬ ಶಬ್ದದ ಅರ್ಥವೂ ಮೂಲವೇ ಆಗಿರುವುದು ಆಕಸ್ಮಿಕ. ಆದರೆ ಅರ್ಥವಿರುವ ಆಕಸ್ಮಿಕ.

ಧಣಿ ಕೈಬಿಟ್ಟ ಭೂಮಿಯನ್ನು ಒಕ್ಕಲು ಉಳಿಸಿಕೊಂಡದ್ದಕ್ಕೆ ಟ್ಯಾಬ್ಲೆಟ್ಟುಗಳ ಚರಿತ್ರೆಯಲ್ಲಿಯೂ ಉದಾಹರಣೆಗಳಿವೆ. ಅಮೆರಿಕದ ಎಚ್‌ಪಿ ಸಂಸ್ಥೆ 2011ರ ಜುಲೈ 1ರಂದು ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ಟನ್ನು ಮಾರಾಟಕ್ಕೆ ತಂದಿತು. ಅದರೊಳಗಿದ್ದುದು ವೆಬ್‌ಓಎಸ್ ಎಂಬ ವ್ಯವಸ್ಥೆ. ಆಗಸ್ಟ್ 18ರಂದು, ಅಂದರೆ ಏಳೇ ವಾರಗಳಲ್ಲಿ, ಆ ಉದ್ಯಮವನ್ನು ನಿಲ್ಲಿಸುವುದಾಗಿ ಸಂಸ್ಥೆ ಸಾರಿತು. ಉಳಿದ ದಾಸ್ತಾನಿನ ಬೆಲೆ ನೂರು ಡಾಲರಿಗೆ ಇಳಿಯಿತು. ಕೊಂಡವರ ಕೈಯಲ್ಲಿ ಉಳಿದದ್ದು ಮುಂದೆ ಹೊಸ ಆ್ಯಪುಗಳು ಬರಲಾರದ ಒಂದು ಗಾಜಿನ ಹಲಗೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಸಯನೋಜೆನ್‌ಮಾಡ್ ಬಳಗದ ಸ್ವಯಂಸೇವಕರು ಅದರ ಮೇಲೆ ಆಂಡ್ರಾಯ್ಡ್ ಓಡುವಂತೆ ಮಾಡಿದರು. ಮಾಡಿದವರೇ ಕೈಬಿಟ್ಟ ವಸ್ತು ಅದನ್ನು ಮಾಡದವರ ಕೈಯಲ್ಲಿ ಮುಂದೆ ಹಲವು ವರ್ಷ ಬಾಳಿತು. 2012ರಲ್ಲಿ ಬಂದ ನೆಕ್ಸಸ್ 7ರ ಕಥೆಯೂ ಹೀಗೆಯೇ. ಅದಕ್ಕೆ ಅಧಿಕೃತವಾಗಿ ಬಂದ ಕೊನೆಯ ಆವೃತ್ತಿ 2015ರ ಆಂಡ್ರಾಯ್ಡ್ 5.1.1, ಸ್ವಯಂಸೇವಕರು ಅದನ್ನು ಆಂಡ್ರಾಯ್ಡ್ 7ರವರೆಗೆ ಕೊಂಡೊಯ್ದರು. 2009ರಲ್ಲಿ ಹುಟ್ಟಿದ ಸಯನೋಜೆನ್‌ಮಾಡ್ 2016ರ ಡಿಸೆಂಬರಿನಲ್ಲಿ ಕೊನೆಗೊಂಡಾಗ ಅದರ ಆಕರ ಸಂಕೇತವನ್ನು ಹಿಡಿದು ಲಿನಿಯೇಜ್ ಓಎಸ್ ಹುಟ್ಟಿಕೊಂಡಿತು. ಸಂಕೇತ ಬಯಲಲ್ಲಿದ್ದುದರಿಂದ ಒಬ್ಬರ ಕೈ ಸೋತಾಗ ಇನ್ನೊಬ್ಬರ ಕೈ ಅದನ್ನು ಹಿಡಿಯುವುದು ಸಾಧ್ಯವಾಯಿತು.

ನಮ್ಮ ಭಾಷೆಗೂ ಈ ವಿಷಯಕ್ಕೂ ಹಳೆಯ ನಂಟಿದೆ. ಆಂಡ್ರಾಯ್ಡಿಗೆ ಕನ್ನಡ, ತೆಲುಗು, ಮಲಯಾಳಂ ಲಿಪಿಗಳ ಬೆಂಬಲ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಸಾಧನಗಳಲ್ಲಿ ಕನ್ನಡದ ಪುಟ ತೆರೆದರೆ ಅಕ್ಷರಗಳ ಬದಲು ಖಾಲಿ ಚೌಕಗಳ ಸಾಲು ಕಾಣುತ್ತಿತ್ತು. ಅಕ್ಷರಶೈಲಿಯ ಕಡತವನ್ನು ಇಡಬೇಕಾದ ಜಾಗ ವ್ಯವಸ್ಥೆಯ ಒಳಕೋಣೆಯಲ್ಲಿತ್ತು. ಅಲ್ಲಿಗೆ ಕಾಲಿಡಲು ರೂಟ್ ಅಧಿಕಾರ ಬೇಕಿತ್ತು. ಆ ದಿನಗಳಲ್ಲಿ ಬೇರಾವ ಚಪಲವೂ ಇಲ್ಲದೆ, ಕನ್ನಡವನ್ನು ಓದಬೇಕೆಂಬ ಒಂದೇ ಕಾರಣಕ್ಕೆ ತಮ್ಮ ಸಾಧನವನ್ನು ರೂಟ್ ಮಾಡಿದವರಿದ್ದರು. ಹಾಗೆ ಮಾಡಿದ ಮೇಲೂ ಕೆಲಸ ಅರ್ಧವೇ ಆಗುತ್ತಿತ್ತು. ಅಕ್ಷರ ಬಂದರೂ ಒತ್ತಕ್ಷರವನ್ನು ಕೆಳಗೆ ಕೂರಿಸುವ ಬುದ್ಧಿ ವ್ಯವಸ್ಥೆಗಿರಲಿಲ್ಲ. ‘ಅಮ್ಮ’ ಎಂಬುದು ‘ಅಮ್‌ಮ’ ಎಂದು ಒಡೆದು ಕಾಣುತ್ತಿತ್ತು. ತನ್ನದೇ ಹಣದಿಂದ ಕೊಂಡ ವಸ್ತುವಿನಲ್ಲಿ ತಾಯಿಯ ಹೆಸರನ್ನು ಸರಿಯಾಗಿ ಬರೆಸಲು ಯಾರ ಅಪ್ಪಣೆ ಬೇಕು? ನಮ್ಮ ನುಡಿಯ ಹಣೆಬರಹ ನಮ್ಮಿಂದ ದೂರದಲ್ಲೆಲ್ಲೋ ತೀರ್ಮಾನವಾಗುವುದು ಹೇಗಿರುತ್ತದೆ ಎಂದು ಬಲ್ಲ ಗಡಿನಾಡಿನವರಿಗೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ.

ಇಷ್ಟಾದರೂ ಎದುರುಪಕ್ಷದ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಆ ಪಕ್ಷದಲ್ಲಿ ಮೂರು ಗಟ್ಟಿ ವಾದಗಳಿವೆ.

ಮೊದಲನೆಯದು ಒಪ್ಪಂದದ ವಾದ. ಮೊದಲ ದಿನ ಟ್ಯಾಬ್ಲೆಟ್ಟನ್ನು ತೆರೆದಾಗ ನಿಬಂಧನೆಗಳಿಗೆ ಒಪ್ಪಿಗೆಯ ಗುಂಡಿ ಒತ್ತಿದವರು ನಾವೇ. ಕೊಟ್ಟ ಮಾತನ್ನು ಮುರಿಯಬಾರದು. ಮಾತು ಕೊಟ್ಟರೆ ಉಳಿಸಿಕೊಳ್ಳಬೇಕೆಂಬುದು ಸತ್ಯ. ಆದರೆ ಹಣ ತೆತ್ತ ಮೇಲೆ, ಒಪ್ಪದಿದ್ದರೆ ವಸ್ತುವೇ ನಿರುಪಯುಕ್ತ ಎನ್ನುವ ಸ್ಥಿತಿಯಲ್ಲಿ ಪಡೆದ ಒಪ್ಪಿಗೆಗೆ ಮಾತಿನ ಪೂರ್ಣ ತೂಕ ಬರುವುದಿಲ್ಲ. ಈ ವಿಷಯದಲ್ಲಿ ಕಾನೂನು ಕೂಡ ತಡವರಿಸಿದೆ. ಅಮೆರಿಕದಲ್ಲಿ 1998ರ ಕೃತಿಸ್ವಾಮ್ಯ ಶಾಸನವೊಂದು ಇಂಥ ಕೀಲಿಗಳನ್ನು ಬಿಚ್ಚುವುದನ್ನು ನಿಷೇಧಿಸಿತು. 2010ರಲ್ಲಿ ಸ್ಮಾರ್ಟ್‌ಫೋನುಗಳಿಗೆ ವಿನಾಯಿತಿ ಸಿಕ್ಕಿತು. 2012ರಲ್ಲಿ ಅದೇ ವಿನಾಯಿತಿಯನ್ನು ಟ್ಯಾಬ್ಲೆಟ್ಟುಗಳಿಗೂ ಕೇಳಿದಾಗ, ಟ್ಯಾಬ್ಲೆಟ್ ಎಂದರೇನು ಎಂಬುದೇ ಸ್ಪಷ್ಟವಿಲ್ಲವೆಂದು ನಿರಾಕರಿಸಲಾಯಿತು. 2015ರಲ್ಲಿ ಕೊಡಲಾಯಿತು. ಹೀಗೆ ಮೂರು ವರ್ಷಗಳ ಕಾಲ ಒಂದೇ ಕೆಲಸ ಕಿಸೆಯಲ್ಲಿ ಹಿಡಿಸುವ ಸಾಧನದಲ್ಲಿ ಸಮ್ಮತವೂ ಅದಕ್ಕಿಂತ ತುಸು ಅಗಲವಾದುದರಲ್ಲಿ ಅಸಮ್ಮತವೂ ಆಗಿತ್ತು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು ಕೀಲಿ ಮುರಿದವನ ಉದ್ದೇಶವನ್ನು ನೋಡುತ್ತದೆ. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶವಿದ್ದರೆ ಅಪರಾಧವೆನ್ನುತ್ತದೆ. ಕೈ ಏನು ಮಾಡಿತು ಎಂಬುದಕ್ಕಿಂತ ಮನಸ್ಸು ಏನನ್ನು ಬಯಸಿತು ಎಂದು ಕೇಳುವ ಈ ಕ್ರಮ ನೀತಿಯ ದೃಷ್ಟಿಗೂ ಒಪ್ಪುವಂಥದು.

ಎರಡನೆಯದು ರಕ್ಷಣೆಯ ವಾದ. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕೀಲಿ ಇರುವುದು ಮಾರಿದವರ ಲಾಭಕ್ಕೆ ಮಾತ್ರವಲ್ಲ. ಟ್ಯಾಬ್ಲೆಟ್ಟು ಕಳ್ಳನ ಕೈಗೆ ಸಿಕ್ಕರೆ ಅದರೊಳಗಿನ ಪತ್ರ, ಭಾವಚಿತ್ರ, ಬ್ಯಾಂಕಿನ ವಿವರಗಳನ್ನು ಕಾಯುವುದೂ ಅದೇ ಕೀಲಿ. ಬೂಟ್‌ಲೋಡರ್ ಎಂಬ ಮೊದಲ ಬಾಗಿಲನ್ನು ಬಿಚ್ಚುವಾಗ ಅನೇಕ ಸಾಧನಗಳು ಒಳಗಿನ ಮಾಹಿತಿಯನ್ನೆಲ್ಲ ಅಳಿಸಿಹಾಕುತ್ತವೆ. ಹೊಸಬರಿಗೆ ಇದು ಶಿಕ್ಷೆಯಂತೆ ತೋರಬಹುದು. ನಿಜದಲ್ಲಿ ಅದು ಒಡೆಯನ ಗುಟ್ಟನ್ನು ಕಾಯುವ ಏರ್ಪಾಡು. ರೂಟ್ ಅಧಿಕಾರ ಒಮ್ಮೆ ಬಯಲಾದರೆ ಅದನ್ನು ಬಳಸುವವರು ನಾವೊಬ್ಬರೇ ಆಗಿರಬೇಕಾಗಿಲ್ಲ. ನಂಬಿ ಹಾಕಿಕೊಂಡ ಕೆಟ್ಟ ಆ್ಯಪಿಗೂ ಅದು ದಕ್ಕೀತು. ಅನೇಕ ಬ್ಯಾಂಕುಗಳ ಆ್ಯಪುಗಳು ರೂಟ್ ಆದ ಸಾಧನದಲ್ಲಿ ತೆರೆಯದಿರುವುದು ಇದೇ ಕಾರಣಕ್ಕೆ. ಹೊಸ ವ್ಯವಸ್ಥೆ ಹಾಕಿದೊಡನೆ ಹಳೆಯ ಯಂತ್ರ ಪೂರ್ತಿ ಹೊಸತಾಗುವುದೂ ಇಲ್ಲ. ಕ್ಯಾಮರಾ, ವೈಫೈ, ಚಿತ್ರಪ್ರದರ್ಶನಗಳನ್ನು ನಡೆಸುವ ಚಾಲಕ ತಂತ್ರಾಂಶಗಳನ್ನು ಚಿಪ್ ತಯಾರಕರು ಮುಚ್ಚಿದ ರೂಪದಲ್ಲಿ ಮಾತ್ರ ಕೊಟ್ಟಿರುತ್ತಾರೆ. ಅವುಗಳ ತೂತನ್ನು ಸ್ವಯಂಸೇವಕರು ಮುಚ್ಚಲಾರರು. ಮಾಡು ಹೊಸದು, ಪಂಚಾಂಗ ಹಳೆಯದು. ಆದರೆ ಇದರಿಂದ ಕೀಲಿಯನ್ನು ಮುಟ್ಟಲೇಬಾರದು ಎಂದಾಗುವುದಿಲ್ಲ. ತೇಪೆ ನಿಂತು ವರ್ಷಗಳಾದ ಅಧಿಕೃತ ವ್ಯವಸ್ಥೆಯೂ ಸುರಕ್ಷಿತವಲ್ಲ. ಕಾವಲುಗಾರ ಬಿಟ್ಟುಹೋದ ಮನೆಯ ಬಾಗಿಲು ಮುಚ್ಚಿದ್ದ ಮಾತ್ರಕ್ಕೆ ಒಳಗಿದ್ದವರು ನೆಮ್ಮದಿಯಿಂದ ಮಲಗುವಂತಿಲ್ಲ.

ಮೂರನೆಯದು ತಯಾರಕರ ಕಷ್ಟದ ವಾದ. ಮಾರಿದ ಪ್ರತಿಯೊಂದು ಸಾಧನವನ್ನೂ ಎಂದೆಂದಿಗೂ ಪೋಷಿಸಲು ಯಾರಿಂದಲೂ ಆಗದು. ಇದನ್ನು ನಾವು ಒಪ್ಪುತ್ತೇವೆ. ಹೊಣೆಗೆ ಒಂದು ಮಿತಿ ಬೇಕು. ಆದರೆ ಪೋಷಣೆಯನ್ನು ನಿಲ್ಲಿಸುವ ಹಕ್ಕು ಒಂದು. ನಿಲ್ಲಿಸಿದ ಮೇಲೂ ಕೀಲಿಕೈಯನ್ನು ಇಟ್ಟುಕೊಳ್ಳುವ ಹಕ್ಕು ಇನ್ನೊಂದು. ಮೊದಲನೆಯದನ್ನು ಕೊಟ್ಟ ಕೂಡಲೇ ಎರಡನೆಯದನ್ನೂ ಕೊಟ್ಟಂತಾಗುವುದಿಲ್ಲ. ಗದ್ದೆಗೆ ನೀರು ಬಿಡುವುದನ್ನು ನಿಲ್ಲಿಸಿದ ಧಣಿ, ಒಕ್ಕಲು ತಾನೇ ಬಾವಿ ತೋಡುವುದನ್ನೂ ತಡೆದರೆ ಅದನ್ನು ಕಷ್ಟವೆನ್ನಲಾಗದು. ನಮ್ಮ ವಿಚಾರದ ನಡುಗಂಬ ಇದು: ಹೊಣೆಯನ್ನು ಬಿಟ್ಟವರು ಕೀಲಿಕೈಯನ್ನೂ ಬಿಡಬೇಕು. ಹೊಣೆಯಿಲ್ಲದ ಅಧಿಕಾರ ಯಾರ ಕೈಯಲ್ಲಿದ್ದರೂ ಅನ್ಯಾಯವೇ.

ಈ ಮಾತು ಮೆಲ್ಲಗೆ ಶಾಸನಗಳನ್ನೂ ಮುಟ್ಟುತ್ತಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಫೋನು ಅಥವಾ ಟ್ಯಾಬ್ಲೆಟ್ಟಿನ ಒಂದು ಮಾದರಿ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಕನಿಷ್ಠ 5 ವರ್ಷ ಅದರ ಕಾರ್ಯಾಚರಣ ವ್ಯವಸ್ಥೆಯ ಪರಿಷ್ಕರಣೆಗಳು ದೊರೆಯಬೇಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಚಾಲಗೇಣಿಯಿಂದ ವಾಯಿದೆಗೇಣಿಗೆ ಏರಿದಂತೆ. ಒಳ್ಳೆಯದೇ, ಆದರೆ ಮೂಲಗೇಣಿಯಲ್ಲ. ಭಾರತ ಸರಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಸ್ವತಂತ್ರ ತಂತ್ರಾಂಶ ಚಳವಳಿಯವರು ಇದಕ್ಕೂ ಬಹಳ ಹಿಂದೆಯೇ, 2007ರಲ್ಲಿ ತಮ್ಮ ಜಿಪಿಎಲ್ ಪರವಾನಗಿಯ ಮೂರನೆಯ ಆವೃತ್ತಿಯನ್ನು ತಂದಾಗ, ಮನೆಬಳಕೆಯ ಸಾಧನದೊಳಗೆ ಆ ತಂತ್ರಾಂಶವನ್ನಿಟ್ಟು ಮಾರುವವರು ಬದಲಿಸಿದ ತಂತ್ರಾಂಶವನ್ನು ಮರಳಿ ಹಾಕುವ ದಾರಿಯನ್ನೂ ಕೊಡಬೇಕೆಂದು ವಿಧಿಸಿದರು. ಲಿನಕ್ಸ್ ತಿರುಳು ಮಾತ್ರ ಎರಡನೆಯ ಆವೃತ್ತಿಯಲ್ಲಿಯೇ ಉಳಿಯಿತು. ಆದ್ದರಿಂದ ಆಕರ ಸಂಕೇತವನ್ನು ಕೊಟ್ಟೂ ಸಾಧನಕ್ಕೆ ಕೀಲಿ ಜಡಿಯುವುದು ಇಂದಿಗೂ ನಡೆಯುತ್ತಿದೆ: ಬೀಜ ಕೊಟ್ಟು ಗದ್ದೆಗೆ ಬೇಲಿ ಹಾಕಿದಂತೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ತಿರುಗಿ ನೋಡಬೇಕು. ಹೊಣೆ ಬಿಟ್ಟವರು ಅಧಿಕಾರವನ್ನೂ ಬಿಡಬೇಕೆಂದಾದರೆ, ಅಧಿಕಾರ ಹಿಡಿದವರು ಹೊಣೆಯನ್ನೂ ಹೊರಬೇಕು. ರೂಟ್ ಪಡೆದ ಕ್ಷಣದಿಂದ ದೂರುವುದಕ್ಕೆ ಯಾರೂ ಉಳಿಯುವುದಿಲ್ಲ. ತಪ್ಪು ಕಡತವನ್ನು ತಪ್ಪು ಜಾಗಕ್ಕೆ ಬರೆದರೆ ಸಾಧನ ಏಳದ ಇಟ್ಟಿಗೆಯಾಗುತ್ತದೆ. ಆ ನಷ್ಟ ನಮ್ಮದು. ಖಾತರಿಯ ಕಾಗದ ಮತ್ತೆ ಸಹಾಯಕ್ಕೆ ಬಾರದು. ಒಡೆತನವೆಂದರೆ ಇಷ್ಟಬಂದಂತೆ ಮಾಡುವ ಸ್ವಾತಂತ್ರ್ಯವೆಂದು ನಾವು ಬಗೆಯುತ್ತೇವೆ. ನಿಜವಾಗಿ ಅದು ಆದದ್ದಕ್ಕೆಲ್ಲ ಉತ್ತರ ಕೊಡಬೇಕಾದ ಸ್ಥಾನ. ಚಾಲಗೇಣಿಯವನಿಗಿರುವ ಒಂದೇ ಸುಖವೆಂದರೆ ಬೆಳೆ ಹಾಳಾದಾಗ ಧಣಿಯನ್ನು ಬೈಯಬಹುದು. ಮೂಲದ ಹಕ್ಕು ಬಂದ ಮೇಲೆ ಆ ಸುಖವೂ ಹೋಗುತ್ತದೆ.

ಈ ಹೊಣೆ ನಮ್ಮಷ್ಟಕ್ಕೆ ಮುಗಿಯುವುದೂ ಇಲ್ಲ. ಶಾಲೆಯದೋ ವಾಚನಾಲಯದ್ದೋ ಆದ ಟ್ಯಾಬ್ಲೆಟ್ಟು ನಮ್ಮ ಕೈಯಲ್ಲಿದ್ದರೂ ನಮ್ಮದಲ್ಲ. ಅದರ ಕೀಲಿಯನ್ನು ಅವರ ಒಪ್ಪಿಗೆಯಿಲ್ಲದೆ ಬಿಚ್ಚುವುದು ನಾವು ತಯಾರಕರ ಮೇಲೆ ಹೊರಿಸಿದ ತಪ್ಪನ್ನೇ ಮಾಡಿದಂತೆ. ರೂಟ್ ಮಾಡಿದ ಸಾಧನವನ್ನು ಮಾರುವುದಾದರೆ ಕೊಳ್ಳುವವರಿಗೆ ಅದನ್ನು ತಿಳಿಸಬೇಕು. ಮನೆಯ ಹಿರಿಯರು ಪಿಂಚಣಿಯ ಲೆಕ್ಕ ನೋಡುವ ಸಾಧನವನ್ನು ನಮ್ಮ ಕುತೂಹಲಕ್ಕೆ ಒಡ್ಡಬಾರದು. ಪಡೆದ ಅಧಿಕಾರವನ್ನು ಪುಸ್ತಕ, ಸಿನಿಮಾಗಳ ಕಳವಿಗೆ ಬಳಸಿದರೆ ನಮ್ಮ ವಾದದ ಬುಡವೇ ಕುಸಿಯುತ್ತದೆ. ಕೊನೆಯದಾಗಿ, ನಮ್ಮ ಹಳೆಯ ಯಂತ್ರಕ್ಕೆ ಹೊಸ ಜೀವ ತುಂಬಿದ ತಂತ್ರಾಂಶವನ್ನು ಎಲ್ಲಿಯೋ ಯಾರೋ ರಾತ್ರಿ ನಿದ್ದೆಗೆಟ್ಟು, ಕಾಸು ಕೇಳದೆ ಬರೆದಿದ್ದಾರೆ. ಆ ಋಣ ಹಣದಿಂದಲೇ ತೀರಬೇಕೆಂದಿಲ್ಲ. ಕಂಡ ದೋಷವನ್ನು ಸರಿಯಾಗಿ ವರದಿ ಮಾಡುವುದು, ಕನ್ನಡದಲ್ಲಿ ಒಂದು ಸಾಲು ಅನುವಾದಿಸುವುದು, ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು, ಇವೆಲ್ಲ ಸಲ್ಲುವ ಗೇಣಿಯೇ.

ಒಂದು ಪ್ರಶ್ನೆ ಉಳಿಯುತ್ತದೆ. ಈ ಕೆಲಸವನ್ನು ಎಷ್ಟು ಮಂದಿ ಮಾಡಬಲ್ಲರು? ಬೂಟ್‌ಲೋಡರ್, ರಿಕವರಿ, ಆವೃತ್ತಿ ಸಂಖ್ಯೆಗಳ ಈ ಲೋಕ ಹೆಚ್ಚಿನವರಿಗೆ ಕಾಡುದಾರಿ. ಬಲ್ಲವನು ಕೀಲಿ ಬಿಚ್ಚಿಕೊಂಡು ಪಾರಾಗುತ್ತಾನೆ. ಅರಿಯದವನ ಸಾಧನ ಕಸಕ್ಕೆ ಸೇರುತ್ತದೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದು ಶೇ. 22.3 ಮಾತ್ರ. ಕೆಲವರ ಕೈಚಳಕದಿಂದ ಎಲ್ಲರ ಹಕ್ಕು ಸ್ಥಾಪಿತವಾಗುವುದಿಲ್ಲ. ಇಲ್ಲಿಯೂ ನಮ್ಮ ನೆಲದ ಅನುಭವವೇ ಪಾಠ ಹೇಳುತ್ತದೆ. ಚಾಲಗೇಣಿಯ ಒಕ್ಕಲುಗಳಲ್ಲಿ ಜಾಣನೊಬ್ಬ ಧಣಿಯ ಮನಸ್ಸು ಗೆದ್ದು ಮೂಲಗೇಣಿ ಚೀಟು ಬರೆಯಿಸಿಕೊಂಡಿರಬಹುದು. ಆದರೆ ಎಲ್ಲ ಒಕ್ಕಲುಗಳಿಗೂ ನೆಲದ ಹಕ್ಕಿನ ದಾರಿ ತೆರೆದದ್ದು 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ ಭೂಸುಧಾರಣೆಯ ಶಾಸನ. ಒಬ್ಬನ ಬಿಡುಗಡೆ ಬೇರೆ, ಎಲ್ಲರ ಹಕ್ಕು ಬೇರೆ.

ಆ ಹಕ್ಕು ಶಾಸನವಾಗಿ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ನಮ್ಮ ಮಕ್ಕಳು ಗಣಕವನ್ನು ಸ್ವತಂತ್ರ ತಂತ್ರಾಂಶದ ಮೇಲೆಯೇ ಕಲಿಯುತ್ತಿದ್ದಾರೆ. ಬೇರಿನ ಅಧಿಕಾರವೆಂದರೇನೆಂದು ಅವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಂಥ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು, ಊರಿನ ವಾಚನಾಲಯವು ಮನೆಮನೆಗಳಲ್ಲಿ ಮೂಲೆ ಸೇರಿದ ಟ್ಯಾಬ್ಲೆಟ್ಟುಗಳನ್ನು ಒಡೆಯರ ಒಪ್ಪಿಗೆಯಿಂದ ಪಡೆದು ಸರಿಪಡಿಸಬಹುದು. ಹಣದ ವ್ಯವಹಾರಕ್ಕೆ ಅವು ತಕ್ಕವಲ್ಲ. ಆದರೆ ನಿಘಂಟು ನೋಡಲು, ಇ-ಪುಸ್ತಕ ಓದಲು, ಯಕ್ಷಗಾನದ ಹಳೆಯ ಧ್ವನಿಮುದ್ರಣ ಕೇಳಲು ಏಳಂಗುಲದ ಆ ಗಾಜಿಗೆ ಇನ್ನೂ ಹತ್ತು ವರ್ಷದ ಆಯುಸ್ಸಿದ್ದೀತು. ಕೆಟ್ಟರೆ ಸರಿಪಡಿಸುವವರೂ ನಾವೇ, ಉಳಿದರೆ ಬಳಸುವವರೂ ನಾವೇ. ನಾಳೆಯೂ ತನ್ನದೇ ಎಂಬ ಭರವಸೆಯಿರುವ ನೆಲದಲ್ಲಿ ಮಾತ್ರ ಮನುಷ್ಯ ಕಂಗಿನ ಸಸಿ ನೆಡುತ್ತಾನೆ. ನೆಟ್ಟ ಮೇಲೆ ಬೇಸಗೆಯಲ್ಲಿ ಅದಕ್ಕೆ ನೀರು ಹೊರುವ ಕೆಲಸವೂ ಅವನದೇ.